ನಮ್ಮ ಕ್ಲೌಡ್‌ನ ಹೊಗೆಗೆ ಕಾಡು ಜಾಮೀನು ನಿಲ್ಲುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಮೈಸೂರಿಂದ ಮಾತಾಡ್ತಾ ಇದ್ದೀನಿ.

2024ರ ಡಿಸೆಂಬರ್ 31 ನೆನಪಿದೆಯಾ? ಹೊಸ ವರ್ಷದ ಪಾರ್ಟಿಗೆ ಊರೆಲ್ಲ ರೆಡಿ ಆಗ್ತಿದ್ದಾಗ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್‌ನ ಸಿಸಿಟಿವಿಯಲ್ಲಿ ಒಂದು ಚಿರತೆ ಕಾಣಿಸಿಕೊಳ್ತು. ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಿ ಅಂದ್ರು, ಅರಣ್ಯ ಇಲಾಖೆಯವರು ಬೋನು ಹಿಡಿದು ಬಂದ್ರು, ವಾಟ್ಸಾಪ್ ತುಂಬ ಮೀಮ್‌ಗಳು. ನಗು ಮುಗಿದ ಮೇಲೆ ಯೋಚನೆ ಮಾಡಿದ್ರೆ ಒಂದು ವಿಷಯ ಹೊಳೆಯುತ್ತೆ. ನಮ್ಮೂರಲ್ಲಿ ಸಾಫ್ಟ್‌ವೇರಿಗೂ ಕಾಡಿಗೂ ನಡುವೆ ಇರೋದು ಒಂದು ಕಾಂಪೌಂಡ್ ಗೋಡೆ ಅಷ್ಟೇ. ಮೈಸೂರಿಂದ ಒಂದೂವರೆ, ಎರಡು ಗಂಟೆ ಹೋದ್ರೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮೂರೂ ಸಿಗುತ್ತವೆ.

ಹಾಗಾಗಿ ಇವತ್ತಿನ ಪ್ರಶ್ನೆ ಇದು. ದೊಡ್ಡ ಟೆಕ್ ಕಂಪನಿಗಳು "ನಮ್ಮ ಕ್ಲೌಡ್ ಕಾರ್ಬನ್ ನ್ಯೂಟ್ರಲ್, ನಾವು ಹೊರಬಿಟ್ಟ ಇಂಗಾಲಕ್ಕೆ ಬದಲಾಗಿ ಕಾಡು ಉಳಿಸಿದ್ದೀವಿ" ಅಂತಾರಲ್ಲ, ಆ ಲೆಕ್ಕ ನಿಜವಾಗಿ ಟ್ಯಾಲಿ ಆಗುತ್ತಾ? ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ಒಂದು ಲೆಕ್ಕಪುಸ್ತಕದ ಥರ ನೋಡೋಣ.

ಕ್ಲೌಡ್ ಅಂದ್ರೆ ಮೋಡ ಅಲ್ಲ, ಗೋಡೌನು

ನೀವು ಫೋಟೊ ಬ್ಯಾಕಪ್ ಮಾಡಿದಾಗ ಅದು ಆಕಾಶಕ್ಕೆ ಹೋಗಲ್ಲ. ಸಾವಿರಾರು ಸರ್ವರ್ ಇಟ್ಟಿರೋ ಒಂದು ಕಟ್ಟಡಕ್ಕೆ ಹೋಗುತ್ತೆ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಯಲ್ಲಿ ತನ್ನ ಕ್ಲೌಡ್ ಕೇಂದ್ರ ತೆರೆಯಿತು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಗೆ ಬಂದವು. ಆ ಸರ್ವರ್‌ಗಳಿಗೆ ಹಗಲೂ ರಾತ್ರಿ ಕರೆಂಟ್ ಬೇಕು. ಅವು ಬಿಸಿಯಾಗ್ತವೆ, ತಣ್ಣಗೆ ಮಾಡೋಕೆ ಇನ್ನಷ್ಟು ಕರೆಂಟ್ ಬೇಕು.

ಅಂತಾರಾಷ್ಟ್ರೀಯ ಇಂಧನ ಸಂಸ್ಥೆ, ಅಂದ್ರೆ ಐಇಎ, ಅಂದಾಜಿನ ಪ್ರಕಾರ 2024ರಲ್ಲಿ ಪ್ರಪಂಚದ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 415 ಟೆರಾವಾಟ್ ಅವರ್ ವಿದ್ಯುತ್. ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 41,500 ಕೋಟಿ ಯೂನಿಟ್. ಪ್ರಪಂಚದ ಒಟ್ಟು ವಿದ್ಯುತ್ ಬಳಕೆಯಲ್ಲಿ ಇದು ಸುಮಾರು ಶೇ. 1.5. ಕೇಳೋಕೆ ಕಡಿಮೆ ಅನ್ನಿಸಬಹುದು. ಆದ್ರೆ ಎಐ ಭರಾಟೆಯಲ್ಲಿ 2030ಕ್ಕೆ ಇದು ದುಪ್ಪಟ್ಟಿಗಿಂತ ಜಾಸ್ತಿಯಾಗಿ 945 ಟೆರಾವಾಟ್ ಅವರ್ ಮುಟ್ಟಬಹುದು ಅಂತ ಅದೇ ಸಂಸ್ಥೆ ಹೇಳುತ್ತೆ.

ನಮ್ಮ ದೇಶದಲ್ಲಿ ಹೆಚ್ಚಿನ ವಿದ್ಯುತ್ ಇನ್ನೂ ಕಲ್ಲಿದ್ದಲಿನಿಂದ ಬರೋದು. ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಈ 0.7 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತೆ.

ನಿಮ್ಮ ಪಾಲಿನ ಲೆಕ್ಕ

ಒಂದು ಗಂಟೆ ವಿಡಿಯೊ ನೋಡಿದ್ರೆ ಎಷ್ಟು ವಿದ್ಯುತ್? ಇದರ ಬಗ್ಗೆ ಭಯ ಹುಟ್ಟಿಸೋ ಅಂಕಿಗಳು ಬಹಳ ಓಡಾಡ್ತವೆ. ಐಇಎ 2020ರಲ್ಲಿ ಕೊಟ್ಟ ಅಂದಾಜು ಗಂಟೆಗೆ 0.077 ಯೂನಿಟ್. ಡೇಟಾ ಸೆಂಟರ್, ನೆಟ್‌ವರ್ಕ್, ನೋಡೋ ಪರದೆ ಎಲ್ಲ ಸೇರಿ. ಅದರಲ್ಲಿ ದೊಡ್ಡ ಪಾಲು ಪರದೆಯದ್ದು, ಅಂದ್ರೆ ಟಿವಿಗಿಂತ ಮೊಬೈಲಲ್ಲಿ ನೋಡಿದ್ರೆ ಇನ್ನೂ ಕಡಿಮೆ.

ಸರಿ, ದಿನಕ್ಕೆ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 730 ಗಂಟೆ. ಅದನ್ನ 0.077ರಿಂದ ಗುಣಿಸಿದ್ರೆ ಸುಮಾರು 56 ಯೂನಿಟ್. 0.7ರಿಂದ ಗುಣಿಸಿದ್ರೆ ಹತ್ತಿರ ಹತ್ತಿರ 40 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಬರುತ್ತೆ. ಅಂದ್ರೆ ನಿಮ್ಮ ಇಡೀ ವರ್ಷದ ವಿಡಿಯೊ, ಸ್ಕೂಟರಲ್ಲಿ ಮೈಸೂರು–ಬೆಂಗಳೂರು ಮಧ್ಯೆ ಒಂದೈದು ಟ್ರಿಪ್ ಹೊಡೆದದ್ದಕ್ಕೆ ಸಮ.

ಹಾಗಾಗಿ ರೀಲ್ಸ್ ನೋಡಿದ್ದಕ್ಕೆ ಪಾಪಪ್ರಜ್ಞೆ ಬೇಡ. ಒಬ್ಬೊಬ್ಬರ ಪಾಲು ಸಣ್ಣದು. ಒಟ್ಟು ಮೊತ್ತ ದೊಡ್ಡದು, ಅದು ಬೆಳೀತಾ ಇರೋ ವೇಗ ಅದಕ್ಕಿಂತ ದೊಡ್ಡದು. ಆ ಮೊತ್ತಕ್ಕೆ ಉತ್ತರ ಕೊಡಬೇಕಾದವರು ಕ್ಲೌಡ್ ನಡೆಸೋ ಕಂಪನಿಗಳು.

ಆಫ್‌ಸೆಟ್ ಅಂದ್ರೆ ಕಾಂಟ್ರಾ ಎಂಟ್ರಿ

ಆಫ್‌ಸೆಟ್‌ನ ಐಡಿಯಾ ಸರಳ. ನಾನು ಇಲ್ಲಿ ಒಂದು ಟನ್ ಹೊರಬಿಟ್ಟೆ. ಬೇರೆ ಎಲ್ಲೋ ಒಬ್ಬರು ಒಂದು ಟನ್ ತಡೆದರು, ಇಲ್ಲವೇ ಗಾಳಿಯಿಂದ ಹೀರಿಕೊಳ್ಳುವ ಹಾಗೆ ಮಾಡಿದರು. ಅವರಿಗೆ ಒಂದು ಕ್ರೆಡಿಟ್ ಸಿಗುತ್ತೆ. ನಾನು ಅದನ್ನ ಕೊಂಡುಕೊಂಡರೆ ನನ್ನ ಲೆಕ್ಕದಲ್ಲಿ ಬಾಕಿ ಸೊನ್ನೆ.

ಕಾಡು ಇಲ್ಲಿಗೆ ಯಾಕೆ ಬರುತ್ತೆ ಅಂದ್ರೆ, ಮರ ಅನ್ನೋದೇ ಇಂಗಾಲದ ಉಗ್ರಾಣ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಕೆ.ಜಿ. ಒಣ ಸೌದೆ ಸುಟ್ಟರೆ ಸುಮಾರು 1.8 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ನಿಮ್ಮ ವಿಡಿಯೊದ 40 ಕೆ.ಜಿ.ಗೆ ಸಮ ಅಂದ್ರೆ ಬರೀ 22 ಕೆ.ಜಿ. ಸೌದೆ, ಒಂದು ತಲೆಹೊರೆ. ಹಾಗಾಗಿ "ಕಡಿಯಬೇಕಾಗಿದ್ದ ಕಾಡನ್ನ ಉಳಿಸಿದೆವು" ಅಂದರೆ ಲಕ್ಷಾಂತರ ಟನ್ ಕ್ರೆಡಿಟ್ ಸುಲಭವಾಗಿ ಹುಟ್ಟುತ್ತೆ.

ಬೆಲೆಯೂ ಅಗ್ಗ. ಇಂಥ ಎಷ್ಟೋ ಕ್ರೆಡಿಟ್‌ಗಳು ಟನ್ನಿಗೆ ಕೆಲವೇ ಡಾಲರ್‌ಗೆ ಮಾರಾಟ ಆಗಿವೆ. 5 ಡಾಲರ್ ಅಂದುಕೊಂಡರೂ ನಿಮ್ಮ ವರ್ಷದ ವಿಡಿಯೊ ಹೊಗೆ ತೊಳೆಯೋಕೆ 20 ರೂಪಾಯಿ ಸಾಕು. ಒಂದು ಕಾಫಿ ದುಡ್ಡು. ಇಷ್ಟು ಅಗ್ಗದಲ್ಲಿ ಸಮಸ್ಯೆ ಬಗೆಹರಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಅಕೌಂಟ್ಸ್ ಓದಿದವರು ವೋಚರ್ ತೋರಿಸಿ ಅಂತಾರೆ. ಬನ್ನಿ, ನಮ್ಮ ಪಕ್ಕದ ಕಾಡಿಗೇ ಹೋಗಿ ವೋಚರ್ ಚೆಕ್ ಮಾಡೋಣ.

ಮೊದಲ ಪ್ರಶ್ನೆ: ದುಡ್ಡು ಬರದಿದ್ರೂ ಈ ಕಾಡು ಉಳೀತಿತ್ತಾ?

ಬಂಡೀಪುರ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಕಾಡು. 1973ರಲ್ಲಿ ಪ್ರಾಜೆಕ್ಟ್ ಟೈಗರ್ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೂ ಒಂದು. 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎರಡೂ ಅದರ ಬೆನ್ನಿಗಿವೆ.

ಈಗ ಒಂದು ಕಂಪನಿ ಬಂದು "ಬಂಡೀಪುರ ಉಳಿಸೋಕೆ ದುಡ್ಡು ಕೊಡ್ತೀವಿ, ಅದರ ಇಂಗಾಲದ ಕ್ರೆಡಿಟ್ ನಮಗೆ ಕೊಡಿ" ಅಂದ್ರೆ? ದುಡ್ಡು ಕೊಡೋದು ಒಳ್ಳೆಯದೇ. ಕ್ರೆಡಿಟ್ ಮಾತ್ರ ಹುಟ್ಟಲ್ಲ. ಯಾಕಂದ್ರೆ ಆ ಮರಗಳನ್ನ ಕಡಿಯೋದು ಈಗಾಗಲೇ ಕಾನೂನಿಗೆ ವಿರುದ್ಧ. ಕಂಪನಿಯ ದುಡ್ಡಿನಿಂದಾಗಿ ಹೊಸದಾಗಿ ಉಳಿದ ಮರ ಯಾವುದು ಅಂತ ತೋರಿಸೋಕಾಗಲ್ಲ. ಈ ವ್ಯವಹಾರದಲ್ಲಿ ಇದಕ್ಕೆ "ಅಡಿಷನಾಲಿಟಿ" ಅಂತಾರೆ. ಹೆಚ್ಚುವರಿ ಏನು ಆಯ್ತು ಅನ್ನೋ ಪ್ರಶ್ನೆ. ನಾನು ಹೇಗೂ ಕಟ್ಟಲೇಬೇಕಾಗಿದ್ದ ಮನೆ ಬಾಡಿಗೆಯನ್ನ ಉಳಿತಾಯ ಅಂತ ಬರೆದುಕೊಳ್ಳೋಕೆ ಆಗುತ್ತಾ? ಅದೇ ಥರ.

ಇಲ್ಲೊಂದು ವಿಚಿತ್ರ ಇದೆ. ಚೆನ್ನಾಗಿ ಕಾಪಾಡಿದ ಕಾಡಿಗೆ ಈ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅಪಾಯದಲ್ಲಿರೋ ಕಾಡಿಗೆ ಬೆಲೆ ಇದೆ. ಅಪಾಯ ಎಷ್ಟು ಜಾಸ್ತಿ ಅಂತ ಬರೆದುಕೊಳ್ತೀವೋ ಅಷ್ಟು ಜಾಸ್ತಿ ಕ್ರೆಡಿಟ್. ಅಪಾಯವನ್ನ ಉಬ್ಬಿಸಿ ಹೇಳೋ ಆಸೆ ಅಲ್ಲೇ ಹುಟ್ಟುತ್ತೆ.

ಇದು ಬರೀ ಅನುಮಾನ ಅಲ್ಲ. 2023ರ ಆಗಸ್ಟ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ 6 ದೇಶಗಳ 26 ಅರಣ್ಯ ಯೋಜನೆಗಳನ್ನ ನೋಡಿತು. ಯೋಜನೆ ಇರೋ ಕಾಡನ್ನ ಅದೇ ಥರದ, ಯೋಜನೆ ಇಲ್ಲದ ಕಾಡಿನ ಜೊತೆ ಹೋಲಿಸಿದರು. ಲೆಕ್ಕ ಹಾಕಲು ಮಾಹಿತಿ ಸಿಕ್ಕ ಯೋಜನೆಗಳಲ್ಲಿ, ನಿರೀಕ್ಷಿಸಿದ್ದ ಕ್ರೆಡಿಟ್‌ಗಳ ಪೈಕಿ ನಿಜವಾದ ಹೆಚ್ಚುವರಿ ಉಳಿತಾಯ ಅಂತ ಕಂಡದ್ದು ಸುಮಾರು ಶೇ. 6 ಮಾತ್ರ. ಅದೇ ವರ್ಷದ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಮತ್ತು ಜೊತೆಗಾರರು, ಇಂಥ ಕ್ರೆಡಿಟ್‌ಗಳಿಗೆ ಮುದ್ರೆ ಒತ್ತುವ ವೆರಾ ಸಂಸ್ಥೆಯ ಮಳೆಕಾಡು ಯೋಜನೆಗಳ ಮೇಲೆ ದೊಡ್ಡ ತನಿಖಾ ವರದಿ ಬರೆದಿದ್ದರು. ವೆರಾ ಅದನ್ನ ಒಪ್ಪಲಿಲ್ಲ. ಆದ್ರೆ ಮುಂದೆ ತನ್ನ ಲೆಕ್ಕದ ವಿಧಾನವನ್ನ ಬದಲಿಸಿತು.

ಎರಡನೇ ಪ್ರಶ್ನೆ: ಇಲ್ಲಿ ತಡೆದದ್ದು ಪಕ್ಕದಲ್ಲಿ ಸೋರ್ತಾ ಇದೆಯಾ?

ಒಂದು ಕಾಡಿಗೆ ಬೇಲಿ ಹಾಕಿದ್ರೆ ಸೌದೆ ಬೇಕಾದವರು, ದನ ಮೇಯಿಸೋರು ಪಕ್ಕದ ಕಾಡಿಗೆ ಹೋಗ್ತಾರೆ. ಲೆಕ್ಕದಲ್ಲಿ ಉಳಿತಾಯ, ನೆಲದ ಮೇಲೆ ಬರೀ ಜಾಗ ಬದಲಾವಣೆ. ಇದನ್ನ "ಲೀಕೇಜ್" ಅಂತಾರೆ.

ಕಾಡಿನ ಮೇಲಿನ ಒತ್ತಡ ಎಂಥ ವಿಚಿತ್ರ ದಾರಿಯಲ್ಲಿ ಬರುತ್ತೆ ಅನ್ನೋಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥಾಪಕರಲ್ಲಿ ಒಬ್ಬರಾದ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಕನ್ಸರ್ವೇಶನ್ ಬಯಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ದನಗಳು ಯಾಕೆ ಜಾಸ್ತಿ ಆಗ್ತಿವೆ ಅನ್ನೋದು ವಿಷಯ. ಹಾಲಿಗಾ? ಉಳುಮೆಗಾ? ಅಲ್ಲ, ಸಗಣಿಗೆ! ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ರೇಟು ಏರಿತು. ಕಾಫಿ ತೋಟಗಳಿಗೆ ಗೊಬ್ಬರ ಬೇಕಾಯ್ತು. ಹಿಂದೆ ತಮ್ಮದೇ ಹೊಲಕ್ಕೆ ಹೋಗ್ತಿದ್ದ ಸಗಣಿ ಲಾರಿ ಹತ್ತಿ ಮಾರಾಟದ ಸರಕಾಯ್ತು. ದನ ಜಾಸ್ತಿ ಸಾಕಿದರು, ಅವು ಮೇಯೋಕೆ ಕಾಡಿಗೆ ಹೋದವು.

ದೂರದ ದೇಶದ ಕಾಫಿ ಬೆಲೆ ಬಂಡೀಪುರದ ಹುಲ್ಲಿಗೆ ತಗುಲಿದ ಮೇಲೆ, "ಈ 500 ಎಕರೆಯಲ್ಲಿ ನಾವು ಇಷ್ಟು ಟನ್ ತಡೆದೆವು" ಅಂತ ಗೆರೆ ಎಳೆದು ಹೇಳೋದು ಎಷ್ಟು ಕಷ್ಟ ನೋಡಿ.

ಮೂರನೇ ಪ್ರಶ್ನೆ: ಎಷ್ಟು ವರ್ಷದ ಗ್ಯಾರಂಟಿ?

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿತ್ತು. ಕೆಲವೇ ದಿನಗಳಲ್ಲಿ ಸಾವಿರಾರು ಎಕರೆ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯ್ತು. ಒಣಗಿದ ಲಂಟಾನ ಪೊದೆಗಳು ಬೆಂಕಿಗೆ ಸೀಮೆಎಣ್ಣೆ ಥರ ಆಗಿದ್ದವು.

ಅಂಥ ಕಾಡಿನ ಮೇಲೆ ಕ್ರೆಡಿಟ್ ಮಾರಿದ್ದರೆ? ಇಂಗಾಲ ಮತ್ತೆ ಗಾಳಿಗೆ ಹೋಯ್ತು. ಕ್ರೆಡಿಟ್ ಕೊಂಡ ಕಂಪನಿಯ ವರದಿಯಲ್ಲಿ ಮಾತ್ರ ಸೊನ್ನೆ ಸೊನ್ನೆಯಾಗೇ ಇರುತ್ತೆ. ಇದಕ್ಕಾಗಿ ಮಾರುಕಟ್ಟೆಯಲ್ಲಿ ಒಂದು ಪಾಲು ಕ್ರೆಡಿಟ್‌ಗಳನ್ನ ಮಾರದೆ ಮೀಸಲು ಇಡ್ತಾರೆ, ವಿಮೆ ಥರ. ಆದರೆ ಮೂಲ ತೊಡಕು ಉಳಿದೇ ಇದೆ. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ. ಅದನ್ನ ಸುಟ್ಟಾಗ ಬಂದ ಅನಿಲದ ಪರಿಣಾಮ ಶತಮಾನಗಳವರೆಗೆ ಇರುತ್ತೆ. ಅರಣ್ಯ ಯೋಜನೆಯ ಒಪ್ಪಂದ 30, 40 ವರ್ಷದ್ದು. ತಲೆಮಾರುಗಟ್ಟಲೆ ತೀರದ ಸಾಲಕ್ಕೆ 30 ವರ್ಷದ ಎಫ್‌ಡಿ ಅಡ ಇಟ್ಟ ಹಾಗೆ.

ಬೆಂಕಿಯ ವಿಷಯದಲ್ಲಿ ಇನ್ನೊಂದು ಮಾತು ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಶುರುವಿನಲ್ಲೇ ನೆಲದ ಒಣ ಎಲೆಗಳಿಗೆ ಸಣ್ಣ ಬೆಂಕಿ ಇಡ್ತಿದ್ದರು. ಅದಕ್ಕೆ "ತರಗು ಬೆಂಕಿ" ಅಂತ ಹೆಸರು. ಅದನ್ನ ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ದೊಡ್ಡ ಬೆಂಕಿಗೆ ದಾರಿ ಆಯ್ತು ಅನ್ನೋದು ಸೋಲಿಗ ಹಿರಿಯರ ಮಾತು. ಸಂಶೋಧಕರೂ ಇದನ್ನ ದಾಖಲಿಸಿದ್ದಾರೆ. ಈಗ ಯೋಚನೆ ಮಾಡಿ. ಇಂಗಾಲ ಲೆಕ್ಕ ಹಾಕೋ ಆಡಿಟರ್ ಕಣ್ಣಿಗೆ ತರಗು ಬೆಂಕಿ ನಷ್ಟದ ಹಾಗೆ ಕಾಣಬಹುದು. ಕಾಡು ಗೊತ್ತಿದ್ದವರ ಕಣ್ಣಿಗೆ ಅದು ರಕ್ಷಣೆ.

ನಾಲ್ಕನೇ ಪ್ರಶ್ನೆ: ಕಾಡು ಯಾರದ್ದು, ದುಡ್ಡು ಯಾರಿಗೆ?

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ ಸಂಗ್ರಹ ಮಾಡೋದಷ್ಟೇ ಅಲ್ಲ, ಕಾಡನ್ನ ನೋಡಿಕೊಳ್ಳೋ ಹಕ್ಕೂ ಗ್ರಾಮಸಭೆಗಿದೆ. ಇತ್ತ ನಾಗರಹೊಳೆಯ ಜೇನುಕುರುಬರು ಇವತ್ತಿಗೂ ತಮ್ಮ ಹಕ್ಕಿಗಾಗಿ ಹೋರಾಡ್ತಾ ಇದ್ದಾರೆ.

ಹಾಗಾಗಿ ನಾಳೆ ಯಾವುದೇ ಕಾಡಿನ ಇಂಗಾಲಕ್ಕೆ ಬೆಲೆ ಕಟ್ಟಿದರೂ, ಗ್ರಾಮಸಭೆ ಒಪ್ಪಿದೆಯಾ, ಅಲ್ಲಿನ ಜನರಿಗೆ ಎಷ್ಟು ಪಾಲು ಅನ್ನೋದು ಮೊದಲ ಸಾಲಿನಲ್ಲಿ ಇರಬೇಕು. ಇಲ್ಲದಿದ್ರೆ ಆಗೋದೇನು? ಮುಂಬೈಯ ಸರ್ವರ್ ಹೊಗೆ ಸರಿದೂಗಿಸೋಕೆ, ಜೀವನದಲ್ಲಿ ಯಾವತ್ತೂ ಕ್ಲೌಡ್ ಬಳಸದ ಒಬ್ಬ ಅಜ್ಜಿಗೆ ಸೌದೆ ಆರಿಸಬೇಡ ಅಂತ ಹೇಳಿದ ಹಾಗೆ ಆಗುತ್ತೆ.

ಹಾಗಾದ್ರೆ ಕರ್ನಾಟಕದಲ್ಲಿ ನಿಜವಾಗಿ ಏನು ನಡೆದಿದೆ?

ಇಲ್ಲಿ ಕಥೆ ಆಸಕ್ತಿ ಹುಟ್ಟಿಸುತ್ತೆ. ಯಾಕಂದ್ರೆ ನಮ್ಮ ರಾಜ್ಯದ ಪ್ರಮುಖ ಉದಾಹರಣೆಗಳು ಕಾಡಿಗೆ ಬೇಲಿ ಹಾಕಿದ್ದಲ್ಲ, ಅಡುಗೆಮನೆಗೆ ಹೋಗಿದ್ದು.

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ. ಅಲ್ಲಿನ ಕೂಲಿ ಸಂಘ ಮತ್ತು ಅಡಾಟ್ಸ್ ಸಂಸ್ಥೆ ಸೇರಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಹಾಕಿಸುವ ಯೋಜನೆ ಮಾಡಿದರು. 2005ರಲ್ಲೇ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಲ್ಲಿ ಅದು ನೋಂದಣಿ ಆಯ್ತು. ಗುಂಡಿ ಕಟ್ಟೋಕೆ ದುಡ್ಡು ಬಂದದ್ದೇ ಮುಂದೆ ಹುಟ್ಟಲಿರುವ ಕಾರ್ಬನ್ ಕ್ರೆಡಿಟ್‌ನ ಮೇಲೆ. ಕೂಲಿ ಮಾಡೋ ಕುಟುಂಬ ಸ್ವಂತ ದುಡ್ಡಲ್ಲಿ ಇದನ್ನ ಕಟ್ಟಿಸೋದು ಕಷ್ಟ ಇತ್ತು. ಆದ್ದರಿಂದ "ದುಡ್ಡು ಬರದಿದ್ರೂ ಆಗ್ತಿತ್ತಾ?" ಅನ್ನೋ ಮೊದಲ ಪ್ರಶ್ನೆಗೆ ಇಲ್ಲಿ ಬಲವಾದ ಉತ್ತರ ಇದೆ.

ಇನ್ನೊಂದು ಇನ್ಫೋಸಿಸ್. ಸ್ಕೋಪ್ 1, 2, 3 ಮೂರೂ ಸೇರಿಸಿ ತಾನು ಕಾರ್ಬನ್ ನ್ಯೂಟ್ರಲ್ ಆಗಿದ್ದೇನೆ ಅಂತ 2020ರಲ್ಲಿ ಕಂಪನಿ ಘೋಷಿಸಿತು. ಸ್ಕೋಪ್ 1 ಅಂದ್ರೆ ತನ್ನ ಜನರೇಟರು, ವಾಹನದ ಹೊಗೆ. ಸ್ಕೋಪ್ 2, ಕೊಂಡ ಕರೆಂಟಿನದ್ದು. ಸ್ಕೋಪ್ 3, ಉದ್ಯೋಗಿಗಳ ಪ್ರಯಾಣ, ಬಾಡಿಗೆಗೆ ತಗೊಂಡ ಕ್ಲೌಡ್ ಸೇವೆ ಹೀಗೆ ಬೇರೆಯವರ ಮೂಲಕ ಆಗೋದು. 2008ರಿಂದ ತಲಾ ವಿದ್ಯುತ್ ಬಳಕೆಯನ್ನ ಅರ್ಧಕ್ಕಿಂತ ಕಡಿಮೆ ಮಾಡಿದ್ದೀವಿ ಅಂತ ಕಂಪನಿ ವರದಿ ಹೇಳುತ್ತೆ. ಜೊತೆಗೆ ಸೌರವಿದ್ಯುತ್ತಿಗೆ ಹೋದರು. ಉಳಿದ ಬಾಕಿಗೆ ಆಫ್‌ಸೆಟ್: ಈಗ ಬೆಂಗಳೂರು ದಕ್ಷಿಣ ಅಂತ ಹೆಸರಾಗಿರೋ ರಾಮನಗರ ಜಿಲ್ಲೆಯಲ್ಲಿ ಮನೆಮನೆಗೆ ಬಯೋಗ್ಯಾಸ್, ಬೇರೆ ಕಡೆ ಸುಧಾರಿತ ಒಲೆಗಳು. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಕುಟುಂಬಗಳನ್ನ ತಲುಪಿದ್ದೀವಿ ಅನ್ನೋದು ಅವರ ಲೆಕ್ಕ.

ಇದರಲ್ಲಿ ಕಾಡು ಎಲ್ಲಿ ಬಂತು? ಸೌದೆಯಲ್ಲಿ. ಒಲೆಗೆ ಸೌದೆ ಕಡಿಮೆ ಆದ್ರೆ ಕಾಡಿನ ಮೇಲಿನ ಒತ್ತಡ ಕಡಿಮೆ. ಹೆಂಗಸರಿಗೆ ಹೊರೆ ಹೊರೋದು ತಪ್ಪುತ್ತೆ, ಹೊಗೆ ಕುಡಿಯೋದು ತಪ್ಪುತ್ತೆ. ಕಾಡಂಚಿನ ಊರಲ್ಲಿ ಆನೆ ಎದುರಾಗೋ ಭಯ ಕೂಡ.

ಇಲ್ಲೂ ಲೆಕ್ಕ ಕೇಳಬೇಕು

ಒಳ್ಳೆ ಕೆಲಸ ಅಂತ ಲೆಕ್ಕ ಕೇಳದೆ ಬಿಡೋಕಾಗಲ್ಲ. 2024ರ ಜನವರಿಯಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಂದ ಅಧ್ಯಯನ, ಪ್ರಪಂಚದ ಒಲೆ ಯೋಜನೆಗಳ ಮಾದರಿಯೊಂದನ್ನ ಪರಿಶೀಲಿಸಿ, ನಿಜ ಉಳಿತಾಯದ ಸುಮಾರು 9 ಪಟ್ಟು ಕ್ರೆಡಿಟ್ ಕೊಡಲಾಗಿದೆ ಅಂತ ಅಂದಾಜು ಮಾಡಿತು.

ಯಾಕೆ ಹೀಗಾಗುತ್ತೆ ಅನ್ನೋದು ಹಳ್ಳಿ ಮನೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. ಮನೆಗೆ ಗ್ಯಾಸ್ ಬಂದಿರುತ್ತೆ, ಅನ್ನ ಸಾರು ಅದರಲ್ಲೇ. ಆದ್ರೆ ಸ್ನಾನದ ನೀರು ಕಾಯೋದು ಹಿತ್ತಲ ಹಂಡೆ ಒಲೆಯಲ್ಲಿ, ಸೌದೆ, ತೆಂಗಿನ ಗರಿ, ಮಟ್ಟೆ ಹಾಕಿ. ಕಾಗದದಲ್ಲಿ ಆ ಮನೆ ಸೌದೆ ಬಿಟ್ಟಿದೆ. ಹಿತ್ತಲಲ್ಲಿ ಬಿಟ್ಟಿಲ್ಲ. ಇನ್ನೊಂದು ತೊಡಕು, ಉಳಿದ ಸೌದೆಯೆಲ್ಲ ಕಾಡಿನ ಉಳಿತಾಯ ಅಲ್ಲ. ತಾನಾಗೇ ಬಿದ್ದ ಒಣ ಪುಳ್ಳೆ, ತೋಟದ ಗರಿ ಮತ್ತೆ ಬೆಳೆಯುತ್ತೆ. ಹಸಿ ಮರ ಕಡಿದು, ಬೆಳೆಯೋದಕ್ಕಿಂತ ಬೇಗ ಖಾಲಿಯಾಗೋ ಭಾಗ ಮಾತ್ರ ಲೆಕ್ಕಕ್ಕೆ ಬರಬೇಕು. ಆ ಭಾಗವನ್ನ ದೊಡ್ಡದಾಗಿ ಹಿಡಿದರೆ ಕ್ರೆಡಿಟ್ ಉಬ್ಬುತ್ತೆ.

ಆ ಅಧ್ಯಯನ ಕರ್ನಾಟಕದ ಯಾವುದೋ ಒಂದು ಯೋಜನೆಯ ಮೇಲಿನ ತೀರ್ಪು ಅಲ್ಲ. ಆದ್ರೆ ಪ್ರತಿ ಯೋಜನೆಗೂ ಕೇಳಬೇಕಾದ ಪ್ರಶ್ನೆ ಅದು: ಐದು ವರ್ಷ ಆದ ಮೇಲೂ ಆ ಗೋಬರ್ ಗ್ಯಾಸ್ ಉರೀತಾ ಇದೆಯಾ? ಮನೆಯಲ್ಲಿ ದನ ಇದೆಯಾ? ರಿಪೇರಿಗೆ ಯಾರು ಬರ್ತಾರೆ?

ದೊಡ್ಡ ಕಂಪನಿಗಳು ಎಲ್ಲಿಗೆ ಬಂದಿವೆ?

ಗೂಗಲ್ ಬಹಳ ವರ್ಷ ಕಾರ್ಬನ್ ನ್ಯೂಟ್ರಲ್ ಅಂತ ಹೇಳಿಕೊಳ್ತಿತ್ತು. 2024ರ ವರದಿಯಲ್ಲಿ ಆ ಮಾತು ಕೈಬಿಟ್ಟಿತು. ಅದೇ ವರದಿಯ ಪ್ರಕಾರ 2019ಕ್ಕೆ ಹೋಲಿಸಿದ್ರೆ 2023ರಲ್ಲಿ ಅದರ ಹೊರಸೂಸುವಿಕೆ ಶೇ. 48 ಜಾಸ್ತಿ. ಮೈಕ್ರೋಸಾಫ್ಟ್ 2030ಕ್ಕೆ ಕಾರ್ಬನ್ ನೆಗೆಟಿವ್ ಆಗ್ತೀವಿ ಅಂತ 2020ರಲ್ಲಿ ಹೇಳಿತ್ತು. 2023ರ ಹೊತ್ತಿಗೆ ಅದರದ್ದೂ ಶೇ. 29ರಷ್ಟು ಏರಿತ್ತು. 2024ರಲ್ಲಿ ಅದು ಲ್ಯಾಟಿನ್ ಅಮೆರಿಕದ ಅರಣ್ಯ ಪುನಶ್ಚೇತನದಿಂದ 80 ಲಕ್ಷ ಟನ್ ಕ್ರೆಡಿಟ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಗಮನಿಸಬೇಕಾದ್ದು, ಇದ್ದ ಕಾಡನ್ನ ಕಡಿಯದೆ ಬಿಟ್ಟದ್ದಲ್ಲ, ಹಾಳಾದ ನೆಲದಲ್ಲಿ ಕಾಡು ಬೆಳೆಸೋದು. ಅಳೆಯೋಕೆ ಸ್ವಲ್ಪ ಸುಲಭ, ಬೆಲೆಯೂ ಜಾಸ್ತಿ.

ಇನ್ನೊಂದು ಬದಲಾವಣೆ ಗಂಟೆ ಲೆಕ್ಕದ್ದು. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಧ್ಯಾಹ್ನ ಭರ್ಜರಿ ಕರೆಂಟ್ ಕೊಡುತ್ತೆ. ನಾವು ರೀಲ್ಸ್ ನೋಡೋದು ರಾತ್ರಿ 11ಕ್ಕೆ. ಕಂಪನಿ ಮಧ್ಯಾಹ್ನದ ಸೋಲಾರ್ ಕೊಂಡು "ವರ್ಷದ ಲೆಕ್ಕದಲ್ಲಿ ನಮ್ಮದು ಶೇ. 100 ಹಸಿರು" ಅಂದರೂ, ರಾತ್ರಿ ಸರ್ವರ್ ಓಡೋದು ಹೆಚ್ಚಾಗಿ ಕಲ್ಲಿದ್ದಲಿನಲ್ಲೇ. ಹಾಗಾಗಿ ಪ್ರತಿ ಗಂಟೆಗೂ ಹೊಂದಿಸಿ ತೋರಿಸಬೇಕು ಅನ್ನೋ ಒತ್ತಾಯ ಹೆಚ್ಚುತ್ತಾ ಇದೆ.

ನಾವು ಏನು ಮಾಡಬಹುದು?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಾಡಿಗೆ ದುಡ್ಡು ಬೇಕು. ಬೆಂಕಿ ರೇಖೆ ಮಾಡೋಕೆ, ಲಂಟಾನ ಕೀಳೋಕೆ, ಕಾವಲುಗಾರರಿಗೆ ಸರಿಯಾದ ಸಂಬಳ ಕೊಡೋಕೆ, ಕಾಡಂಚಿನ ಮನೆಗೆ ಗ್ಯಾಸ್ ಕೊಡೋಕೆ. ಟೆಕ್ ಕಂಪನಿಗಳು ಆ ದುಡ್ಡು ಕೊಡಲಿ. ಆದ್ರೆ ಅದನ್ನ ದೇಣಿಗೆ ಅನ್ನೋ ಖಾತೆಯಲ್ಲಿ ಬರೆಯಲಿ. ಕಲ್ಲಿದ್ದಲಿನ ಸಾಲ ತೀರಿತು ಅಂತ ಬರೆಯೋದು ಬೇಡ. ಎರಡೂ ಬೇರೆ ಬೇರೆ ಖಾತೆ.

ನೀವು ಇಂಟರ್ವ್ಯೂಗೆ ಹೋದಾಗ, ಕಾಲೇಜಿಗೆ ಕಂಪನಿಯವರು ಬಂದಾಗ, ಯಾವುದೋ ಆಪ್ "10 ರೂಪಾಯಿ ಸೇರಿಸಿ, ಹಸಿರಾಗಿ" ಅಂತ ಟಿಕ್ ಮಾಡಿಸುವಾಗ, ಈ ಐದು ಪ್ರಶ್ನೆ ಕೇಳಿ:

1. ಆಫ್‌ಸೆಟ್‌ಗೆ ಮುಂಚೆ ನಿಮ್ಮ ಸ್ವಂತ ಹೊರಸೂಸುವಿಕೆ ಎಷ್ಟು ಕಡಿಮೆ ಆಗಿದೆ? ಏರಿದೆಯಾ, ಇಳಿದಿದೆಯಾ?
2. ಬಾಡಿಗೆ ಕ್ಲೌಡ್‌ನ ಹೊಗೆ ನಿಮ್ಮ ಲೆಕ್ಕದಲ್ಲಿ ಸೇರಿದೆಯಾ?
3. ಯೋಜನೆ ಯಾವ ಊರಲ್ಲಿ ಇದೆ? ನಿಮ್ಮ ದುಡ್ಡು ಇಲ್ಲದಿದ್ರೂ ಅದು ಆಗ್ತಿತ್ತಾ?
4. ಅಲ್ಲಿನ ಜನ ಒಪ್ಪಿದ್ದಾರಾ, ಅವರಿಗೆ ಪಾಲು ಎಷ್ಟು?
5. ಕಾಡು ಸುಟ್ಟರೆ, ಒಲೆ ಕೆಟ್ಟರೆ ನಷ್ಟ ಯಾರ ಲೆಕ್ಕಕ್ಕೆ?

ಐದರಲ್ಲಿ ಮೂರಕ್ಕೆ ನೇರ ಉತ್ತರ ಬಂದ್ರೂ ಅದು ಒಳ್ಳೆ ಕಂಪನಿ ಅನ್ನಬಹುದು. ನಮ್ಮ ದೇಶದಲ್ಲೇ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆಗೆ ಅಧಿಸೂಚನೆ ಬಂದಿದೆ. ಅಂದ್ರೆ ಬರೋ ವರ್ಷಗಳಲ್ಲಿ ಈ ಲೆಕ್ಕ ಬರೆಯೋರು, ಆಡಿಟ್ ಮಾಡೋರು ಬೇಕಾಗ್ತಾರೆ. ಕಾಮರ್ಸ್ ಓದ್ತಾ ಇರೋರು ಕಿವಿ ನೆಟ್ಟಗೆ ಮಾಡಿಕೊಳ್ಳಿ, ಇದರಲ್ಲಿ ಕೆಲಸ ಇದೆ.

ಮುಂದಿನ ಸಂಚಿಕೆಯಲ್ಲಿ ಡೇಟಾ ಸೆಂಟರ್‌ಗಳು ಕುಡಿಯೋ ನೀರಿನ ಬಗ್ಗೆ ಮಾತಾಡೋಣ. ನಿಮ್ಮೂರಲ್ಲಿ ಗೋಬರ್ ಗ್ಯಾಸ್ ಯೋಜನೆ ಬಂದಿದ್ರೆ, ಅದು ಈಗಲೂ ಉರೀತಿದೆಯಾ ಅಂತ ಒಂದು ವಾಯ್ಸ್ ನೋಟ್ ಕಳಿಸಿ.